ಅನ್ನನಾಳದ ಡಿಎನ್‌ಎ ಗುರುತು: ‘ಪಾಸಿಟಿವ್’ ಎಂದರೆ ಕ್ಯಾನ್ಸರ್ ಎಂದೇ ಅರ್ಥವೇ?

2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸ್ಟ್ರಾಂಡ್ ಲೈಫ್ ಸೈನ್ಸಸ್ ಕಂಪನಿ ‘ಕ್ಯಾನ್ಸರ್‌ಸ್ಪಾಟ್’ ಎಂಬ ರಕ್ತಪರೀಕ್ಷೆಯನ್ನು ಹೊರತಂದಿತು. ರಕ್ತದಲ್ಲಿ ಹರಿದಾಡುವ ಡಿಎನ್‌ಎ ತುಣುಕುಗಳ ಮೇಲಿನ ಮೀಥೈಲೇಷನ್ ಎಂಬ ಪುಟ್ಟ ರಾಸಾಯನಿಕ ಗುರುತುಗಳನ್ನು ಓದಿ ಹಲವು ಬಗೆಯ ಕ್ಯಾನ್ಸರ್‌ಗಳ ಸುಳಿವು ಹಿಡಿಯುವುದು ಅದರ ಉದ್ದೇಶ. ಅಮೆರಿಕದಲ್ಲಿ ‘ಇಸೋಗಾರ್ಡ್’ ಎಂಬ ಇನ್ನೊಂದು ಪರೀಕ್ಷೆಯಿದೆ. ಅದಕ್ಕೆ ರಕ್ತ ಬೇಡ. ತೆಳುವಾದ ಕೊಳವೆಯ ತುದಿಯಲ್ಲಿರುವ ಪುಟ್ಟ ಬಲೂನನ್ನು ನುಂಗಿದರೆ ಅದು ಅನ್ನನಾಳದ ಒಳಪದರದಿಂದ ಜೀವಕೋಶಗಳನ್ನು ಸವರಿಕೊಂಡು ಬರುತ್ತದೆ. ಆ ಕೋಶಗಳಲ್ಲಿ ಓದುವುದೂ ಮೀಥೈಲೇಷನ್ ಗುರುತುಗಳನ್ನೇ. ಬ್ರಿಟನ್‌ನಲ್ಲಿ ದಾರಕ್ಕೆ ಕಟ್ಟಿದ ಸ್ಪಾಂಜನ್ನು ನುಂಗಿಸಿ ಪರೀಕ್ಷಿಸುವ ‘ಬೆಸ್ಟ್4’ ಎಂಬ ಪ್ರಯೋಗ 2024ರಲ್ಲಿ ಶುರುವಾಗಿದೆ. 1,20,000 ಜನರನ್ನು ಸೇರಿಸಿಕೊಳ್ಳುವುದು ಅದರ ಗುರಿ.

ಸುದ್ದಿಯಲ್ಲಿ ಈ ಮೂರಕ್ಕೂ ಒಂದೇ ಹಣೆಪಟ್ಟಿ: ‘ಕ್ಯಾನ್ಸರ್ ಬರುವ ಮುನ್ನವೇ ಪತ್ತೆ’. ಓದುಗರು ಗೊಂದಲಕ್ಕೆ ಬೀಳುವುದು ಸಹಜ. ಈ ಮೂರು ಪರೀಕ್ಷೆಗಳು ಹುಡುಕುವುದು ಒಂದೇ ವಸ್ತುವನ್ನಲ್ಲ, ಒಂದೇ ಹಂತದಲ್ಲೂ ಅಲ್ಲ. ಮೀಥೈಲೇಷನ್ ಗುರುತು ರೋಗದ ಹಾದಿಯಲ್ಲಿ ಬಹಳ ಬೇಗ ಮೂಡುತ್ತದೆ. ಅದರ ಬಲವೂ ಅದೇ, ದೌರ್ಬಲ್ಯವೂ ಅದೇ. ಬೇಗ ಮೂಡುವುದರಿಂದ ಬೇಗ ಹಿಡಿಯಬಹುದು. ಆದರೆ ಅಷ್ಟು ಬೇಗ ಮೂಡಿದ್ದರಿಂದಲೇ, ಆ ಗುರುತಿರುವವರಲ್ಲಿ ಯಾರಿಗೆ ಮುಂದೆ ಕ್ಯಾನ್ಸರ್ ಬರುತ್ತದೆ, ಯಾರಿಗೆ ಬರುವುದೇ ಇಲ್ಲ ಎಂಬುದನ್ನು ಅದೊಂದೇ ಹೇಳಲಾರದು.

ನಾಳ ಒಂದೇ, ಕಾಯಿಲೆ ಎರಡು

ಅನ್ನನಾಳದ ಕ್ಯಾನ್ಸರ್‌ನಲ್ಲಿ ಎರಡು ಮುಖ್ಯ ಬಗೆಗಳಿವೆ. ನಾಳದ ಸಹಜ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವುದು ಸ್ಕ್ವೇಮಸ್ ಕ್ಯಾನ್ಸರ್. ಜಗತ್ತಿನ ಅನ್ನನಾಳದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 85 ಈ ಬಗೆಯವು. ಭಾರತ, ಚೀನಾ, ಇರಾನ್ ಮತ್ತು ಪೂರ್ವ ಆಫ್ರಿಕಾದಲ್ಲಿ ಇದರದ್ದೇ ಪಾರುಪತ್ಯ. ಎರಡನೆಯದು ಅಡಿನೋಕಾರ್ಸಿನೋಮ. ಇದು ಹೊಟ್ಟೆಗೆ ಸೇರುವ ಕೆಳತುದಿಯಲ್ಲಿ ಹೆಚ್ಚು. ಅಮೆರಿಕ, ಬ್ರಿಟನ್, ನೆದರ್ಲೆಂಡ್ಸ್‌ನಂಥ ದೇಶಗಳಲ್ಲಿ ಕಳೆದ ಕೆಲವು ದಶಕಗಳಲ್ಲಿ ವೇಗವಾಗಿ ಏರಿರುವುದು ಈ ಬಗೆ.

2017ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯವರು 164 ಅನ್ನನಾಳದ ಗಡ್ಡೆಗಳನ್ನು ಅಣುಮಟ್ಟದಲ್ಲಿ ಪರಿಶೀಲಿಸಿದರು. ಅಡಿನೋಕಾರ್ಸಿನೋಮಕ್ಕೆ ಹೊಟ್ಟೆಯ ಒಂದು ಬಗೆಯ ಕ್ಯಾನ್ಸರ್ ಹತ್ತಿರದ ಸಂಬಂಧಿಯಾಗಿ ಕಂಡಿತು, ಸ್ಕ್ವೇಮಸ್ ಕ್ಯಾನ್ಸರ್ ಬೇರೆ ಅಂಗಗಳ ಸ್ಕ್ವೇಮಸ್ ಕ್ಯಾನ್ಸರ್‌ಗಳನ್ನು ಹೋಲುತ್ತಿತ್ತು. ಮೀಥೈಲೇಷನ್ ವಿನ್ಯಾಸಗಳೂ ಬೇರೆಯೇ. ಹಾಗಾಗಿ ಒಂದು ಬಗೆಗೆಂದು ರೂಪಿಸಿದ ಪರೀಕ್ಷೆ ಇನ್ನೊಂದಕ್ಕೂ ನಡೆಯುತ್ತದೆಂದು ಭಾವಿಸಲು ಆಧಾರವಿಲ್ಲ.

ಅಕ್ಷರ ಬದಲಾಗದೆ ಅರ್ಥ ಬದಲಾಗುವ ಬಗೆ

ಡಿಎನ್‌ಎ ನಾಲ್ಕು ರಾಸಾಯನಿಕ ಅಕ್ಷರಗಳ ಸರಣಿ. ಅದರಲ್ಲಿ ಸೈಟೊಸಿನ್ ಒಂದು. ಸೈಟೊಸಿನ್ ಪಕ್ಕದಲ್ಲೇ ಗ್ವಾನಿನ್ ಇರುವ ಜಾಗಗಳಲ್ಲಿ ಕೋಶದ ಕಿಣ್ವಗಳು ಸೈಟೊಸಿನ್‌ಗೆ ಒಂದು ಪುಟ್ಟ ಮೀಥೈಲ್ ಗುಂಪನ್ನು ಅಂಟಿಸುತ್ತವೆ. ಇದೇ ಮೀಥೈಲೇಷನ್. ಜೀನ್ ಆರಂಭವಾಗುವ ಕಡೆ ಇಂಥ ಜಾಗಗಳು ಒತ್ತೊತ್ತಾಗಿರುತ್ತವೆ. ಸಾಮಾನ್ಯವಾಗಿ ಅಲ್ಲಿ ಮೀಥೈಲ್ ಇರುವುದಿಲ್ಲ. ಅಲ್ಲಿ ತುಂಬಿಕೊಂಡರೆ ಆ ಜೀನ್ ಮೌನವಾಗುತ್ತದೆ. ಸರ್ಕಾರಿ ಕಚೇರಿಯ ಕಡತದ ಮೇಲೆ ‘ಮುಕ್ತಾಯ’ ಎಂಬ ಮೊಹರು ಬಿದ್ದಂತೆ: ಒಳಗಿನ ಒಂದಕ್ಷರವೂ ಅಳಿಸಿಲ್ಲ, ಆದರೆ ಅದನ್ನು ಯಾರೂ ತೆರೆಯುವುದಿಲ್ಲ.

ಇದು ಸ್ವತಃ ರೋಗವಲ್ಲ. ಕರುಳಿನ ಕೋಶ ಕರುಳಿನ ಕೋಶವಾಗಿಯೇ ಉಳಿಯುವುದಕ್ಕೆ, ಚರ್ಮದ ಕೋಶ ಚರ್ಮದ್ದೇ ಆಗಿರುವುದಕ್ಕೆ ಈ ಗುರುತುಗಳು ಬೇಕು. ಕೋಶ ಇಬ್ಭಾಗವಾದಾಗಲೆಲ್ಲ ಡಿಎನ್‌ಎಂಟಿ1 ಎಂಬ ಕಿಣ್ವ ಹಳೆಯ ಎಳೆಯ ಗುರುತುಗಳನ್ನು ಹೊಸ ಎಳೆಗೆ ನಕಲು ಮಾಡುತ್ತದೆ. ನಕಲಿನಲ್ಲಿ ತಪ್ಪುಗಳಾಗುತ್ತವೆ, ವಯಸ್ಸಾದಂತೆ ಅವು ಕೂಡುತ್ತ ಹೋಗುತ್ತವೆ. ಕ್ಯಾನ್ಸರ್ ಕೋಶಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಕಾಣುವ ಎರಡು ಬದಲಾವಣೆಗಳು ಒಟ್ಟಿಗೇ ಇರುತ್ತವೆ. ಇಡೀ ಡಿಎನ್‌ಎಯನ್ನು ತೆಗೆದುಕೊಂಡರೆ ಮೀಥೈಲ್ ಕಡಿಮೆಯಾಗಿರುತ್ತದೆ. ಕೆಲವು ಜೀನ್‌ಗಳ ಬಾಗಿಲಲ್ಲಿ ಮಾತ್ರ ಇರಬಾರದಷ್ಟು ಜಮೆಯಾಗಿರುತ್ತದೆ.

ಎದೆಯುರಿಯಿಂದ ಕ್ಯಾನ್ಸರ್‌ವರೆಗಿನ ದೂರ

ಅಡಿನೋಕಾರ್ಸಿನೋಮದ ಹಿಂದಿನ ಹಂತ ‘ಬ್ಯಾರೆಟ್ಸ್ ಅನ್ನನಾಳ’. ಲಂಡನ್‌ನ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಅವರ 1950ರ ಲೇಖನದಿಂದ ಬಂದ ಹೆಸರಿದು. ಹೊಟ್ಟೆಯ ಆಮ್ಲ ಮತ್ತು ಪಿತ್ತರಸ ವರ್ಷಗಟ್ಟಲೆ ಮೇಲಕ್ಕೆ ಉಕ್ಕುತ್ತಿದ್ದರೆ ಅನ್ನನಾಳದ ಕೆಳಭಾಗದ ಚಪ್ಪಟೆ ಕೋಶಗಳು ಸುಟ್ಟು ಗಾಯವಾಗುತ್ತವೆ. ಗಾಯ ಮಾಯುವಾಗ ಕೆಲವರಲ್ಲಿ ಆ ಜಾಗಕ್ಕೆ ಕರುಳನ್ನು ಹೋಲುವ ಕಂಬದಾಕಾರದ ಕೋಶಗಳು ಬಂದು ಕೂರುತ್ತವೆ. ಇವು ಆಮ್ಲವನ್ನು ಹೆಚ್ಚು ತಾಳಿಕೊಳ್ಳುತ್ತವೆ. ಇದು ಕ್ಯಾನ್ಸರ್ ಅಲ್ಲ, ದೇಹ ಮಾಡಿಕೊಂಡ ಒಂದು ಹೊಂದಾಣಿಕೆ.

ಮುಂದಿನ ಮೆಟ್ಟಿಲು ಡಿಸ್‌ಪ್ಲೇಸಿಯ, ಅಂದರೆ ಕೋಶಗಳ ಆಕಾರ ಮತ್ತು ಜೋಡಣೆ ಕೆಡುವುದು. ಮೊದಲು ಅಲ್ಪ ಮಟ್ಟದ್ದು, ಆಮೇಲೆ ತೀವ್ರ ಮಟ್ಟದ್ದು, ಕೊನೆಗೆ ಕ್ಯಾನ್ಸರ್. ಎಲ್ಲರೂ ಈ ಮೆಟ್ಟಿಲುಗಳನ್ನು ಹತ್ತುವುದಿಲ್ಲ ಎಂಬುದು ಇಲ್ಲಿ ತಿಳಿದಿರಬೇಕಾದ ಸಂಗತಿ. ಡೆನ್ಮಾರ್ಕ್‌ನಲ್ಲಿ ಸುಮಾರು 11,000 ಬ್ಯಾರೆಟ್ಸ್ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಕ್ಕೆ ಶೇ 0.12ರಷ್ಟು ಜನರಿಗಷ್ಟೇ ಅಡಿನೋಕಾರ್ಸಿನೋಮ ಬಂದಿತು. ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ 860 ಜನರಲ್ಲಿ ಒಬ್ಬರಿಗೆ.

ಮೀಥೈಲೇಷನ್ ಬದಲಾವಣೆಗಳು ಈ ಮೆಟ್ಟಿಲುಗಳಲ್ಲಿ ಎಲ್ಲಿ ಶುರುವಾಗುತ್ತವೆ? ಮೊದಲ ಮೆಟ್ಟಿಲಿನಲ್ಲೇ. ಕೋಶ ವಿಭಜನೆಗೆ ಬ್ರೇಕ್ ಹಾಕುವ ಪಿ16 ಜೀನ್, ಎಪಿಸಿ ಜೀನ್, ಡಿಎನ್‌ಎಯ ಒಂದು ಬಗೆಯ ಹಾನಿಯನ್ನು ಸರಿಪಡಿಸುವ ಎಂಜಿಎಂಟಿ ಜೀನ್ ಮುಂತಾದವುಗಳ ಮೇಲೆ ಮೀಥೈಲ್ ಜಮೆಯಾಗಿರುವುದು ಡಿಸ್‌ಪ್ಲೇಸಿಯ ಇಲ್ಲದ ಬ್ಯಾರೆಟ್ಸ್ ಅಂಗಾಂಶದಲ್ಲೇ ಎಷ್ಟೋ ಸಲ ಕಂಡಿದೆ. ಕ್ಯಾನ್ಸರ್ ಅಂಗಾಂಶದಲ್ಲೂ ಇವೇ ಗುರುತುಗಳು ಇರುತ್ತವೆ. ಆರೋಗ್ಯವಂತ ಅನ್ನನಾಳಕ್ಕೂ ಬ್ಯಾರೆಟ್ಸ್‌ಗೂ ನಡುವಿನ ಅಂತರ ದೊಡ್ಡದು; ಬ್ಯಾರೆಟ್ಸ್‌ಗೂ ಕ್ಯಾನ್ಸರ್‌ಗೂ ನಡುವಿನದು ಅದಕ್ಕೆ ಹೋಲಿಸಿದರೆ ಚಿಕ್ಕದು.

ಅಕ್ಷರಗಳೇ ಬದಲಾಗುವ ಮ್ಯುಟೇಷನ್‌ಗಳ ಕಥೆಯೂ ಇದನ್ನೇ ಹೋಲುತ್ತದೆ. ಕೇಂಬ್ರಿಡ್ಜ್‌ನ ರೆಬೆಕಾ ಫಿಟ್ಜೆರಾಲ್ಡ್ ಅವರ ತಂಡ 2014ರಲ್ಲಿ ತೋರಿಸಿದ್ದೇನೆಂದರೆ, ಕ್ಯಾನ್ಸರ್‌ನಲ್ಲಿ ಪದೇ ಪದೇ ಕಾಣುವ ಹೆಚ್ಚಿನ ಮ್ಯುಟೇಷನ್‌ಗಳು ಎಂದೂ ಡಿಸ್‌ಪ್ಲೇಸಿಯಕ್ಕೆ ತಿರುಗದ ಬ್ಯಾರೆಟ್ಸ್‌ನಲ್ಲೂ ಇವೆ. ಹಂತವನ್ನು ಸ್ಪಷ್ಟವಾಗಿ ಬೇರ್ಪಡಿಸಿದವು ಎರಡೇ ಜೀನ್‌ಗಳು. ಟಿಪಿ53ರ ಮ್ಯುಟೇಷನ್ ತೀವ್ರ ಡಿಸ್‌ಪ್ಲೇಸಿಯದ ಹೊತ್ತಿಗೆ ಕಾಣತೊಡಗುತ್ತದೆ, ಎಸ್‌ಎಂಎಡಿ4ರದ್ದು ಕ್ಯಾನ್ಸರ್‌ನಲ್ಲಿ ಮಾತ್ರ. ‘ಕ್ಯಾನ್ಸರ್ ಗುರುತು ಸಿಕ್ಕಿತು’ ಎಂದ ಕೂಡಲೇ ಕ್ಯಾನ್ಸರ್ ಸಿಕ್ಕಿತು ಎಂದು ಹೇಳಲಾಗದಿರುವುದು ಇದಕ್ಕೇ.

ಮೀಥೈಲೇಷನ್ ಕಾರಣವೋ, ಬರೀ ಕುರುಹೋ?

ವಿಜ್ಞಾನಿಗಳ ನಡುವೆ ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲಿ.

ಒಂದು ವಾದದ ಪ್ರಕಾರ ಮೀಥೈಲೇಷನ್ ರೋಗವನ್ನು ಮುಂದಕ್ಕೆ ತಳ್ಳುವ ಶಕ್ತಿ. ಆಮ್ಲ ಮತ್ತು ಪಿತ್ತರಸದಿಂದ ಉರಿಯೂತ, ಅದರಿಂದ ಕೋಶಗಳ ಅತಿಯಾದ ವಿಭಜನೆ, ನಡುವೆ ಪಿ16 ಮೌನವಾದರೆ ವಿಭಜನೆಗೆ ಬ್ರೇಕ್ ಇಲ್ಲ. ಹಾಗೆ ಬ್ರೇಕ್ ಕಳೆದುಕೊಂಡ ಕೋಶಗಳ ಸಂತಾನ ಅಕ್ಕಪಕ್ಕದ ಕೋಶಗಳನ್ನು ಒತ್ತರಿಸಿ ಬ್ಯಾರೆಟ್ಸ್ ಪಟ್ಟಿಯುದ್ದಕ್ಕೂ ಹರಡಿಕೊಳ್ಳುತ್ತದೆ. ಹೀಗೆ ಹದಗೊಂಡ ನೆಲದಲ್ಲಿ ಟಿಪಿ53 ಕೆಟ್ಟರೆ ಕ್ಯಾನ್ಸರ್‌ಗೆ ದಾರಿ ಸಲೀಸು. ಪಿ16, ರನ್‌ಎಕ್ಸ್3, ಎಚ್‌ಪಿಪಿ1 ಎಂಬ ಮೂರು ಜೀನ್‌ಗಳ ಮೀಥೈಲೇಷನ್ ಇದ್ದವರಲ್ಲಿ ರೋಗ ಮುಂದುವರಿಯುವ ಸಂಭವ ಹೆಚ್ಚು ಎಂದು 2005ರಲ್ಲೇ ಒಂದು ಸಂಶೋಧನೆ ಹೇಳಿತ್ತು. ಈ ವಾದಕ್ಕೆ ಅದು ಬೆಂಬಲ.

ಇನ್ನೊಂದು ವಾದ: ಹೆಚ್ಚಿನ ಗುರುತುಗಳು ಜೊತೆಗೆ ಸಾಗಿಬಂದ ಪ್ರಯಾಣಿಕರು, ಚಾಲಕರಲ್ಲ. ಚಪ್ಪಟೆ ಕೋಶದ ಜಾಗದಲ್ಲಿ ಕಂಬಕೋಶ ಬಂದರೆ ಮೀಥೈಲೇಷನ್ ವಿನ್ಯಾಸ ಬದಲಾಗಲೇಬೇಕು, ಏಕೆಂದರೆ ಕೋಶದ ಜಾತಿಯೇ ಬದಲಾಗಿದೆ. ಅದರ ಮೇಲೆ ವಯಸ್ಸಿನ ಪ್ರಭಾವ ಬೇರೆ. ಇಸೋಗಾರ್ಡ್ ಓದುವ ಎರಡು ಜೀನ್‌ಗಳಲ್ಲಿ ಒಂದಾದ ವಿಮೆಂಟಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಮುಖ್ಯವಾಗಿ ಸಂಯೋಜಕ ಅಂಗಾಂಶದ ಕೋಶಗಳಲ್ಲಿ ಕೆಲಸ ಮಾಡುವ ಜೀನ್. ಒಳಪದರದ ಕೋಶದಲ್ಲಿ ಅದು ಮೌನವಾದರೆ ಹೆಚ್ಚೇನೂ ಕೆಡುವುದಿಲ್ಲ. ಆದರೂ ಬ್ಯಾರೆಟ್ಸ್ ಇದ್ದಲ್ಲಿ ಅದರ ಮೀಥೈಲೇಷನ್ ಬಹುತೇಕ ತಪ್ಪದೆ ಸಿಗುತ್ತದೆ.

ಸಾಕ್ಷ್ಯ ಎರಡೂ ಕಡೆಗಿದೆ. ಪಿ16ರಂಥ ಬೆರಳೆಣಿಕೆಯ ಜೀನ್‌ಗಳಲ್ಲಿ ಮೊದಲ ವಾದ ಗಟ್ಟಿ. ಉಳಿದ ನೂರಾರು ಜಾಗಗಳಲ್ಲಿ ಎರಡನೆಯದು. ಗಮನಿಸಬೇಕಾದದ್ದೆಂದರೆ ಪತ್ತೆಗೆ ಈ ಜಗಳ ಇತ್ಯರ್ಥವಾಗಬೇಕಿಲ್ಲ. ಕುರುಹು ಕಾರಣವಾಗಿರಲೇಬೇಕೆಂದಿಲ್ಲ, ತಪ್ಪದೆ ಜೊತೆಗಿದ್ದರೆ ಸಾಕು. ಚಿಕಿತ್ಸೆಯ ವಿಷಯಕ್ಕೆ ಬಂದರೆ ಮಾತ್ರ ಈ ಪ್ರಶ್ನೆ ನಿರ್ಣಾಯಕ. ಮೀಥೈಲ್ ಕಳಚುವ ಅಜಾಸಿಟಿಡಿನ್, ಡೆಸಿಟಾಬಿನ್ ಎಂಬ ಔಷಧಗಳು ರಕ್ತದ ಕೆಲವು ಕಾಯಿಲೆಗಳಿಗೆ ಎರಡು ದಶಕಗಳಿಂದ ಬಳಕೆಯಲ್ಲಿವೆ. ಅನ್ನನಾಳದಲ್ಲಿ ಅವು ರೂಢಿಯ ಚಿಕಿತ್ಸೆಯಲ್ಲ. ಅವು ಬೇಕಾದ ಗುರುತು, ಬೇಡದ ಗುರುತು ಎಂದು ನೋಡದೆ ಎಲ್ಲ ಕಡೆಯೂ ಕೆಲಸ ಮಾಡುತ್ತವೆ. ಪ್ರಯಾಣಿಕರನ್ನು ಇಳಿಸಿದ ಮಾತ್ರಕ್ಕೆ ಗಾಡಿ ನಿಲ್ಲುವುದೂ ಇಲ್ಲ.

‘ಪಾಸಿಟಿವ್’ನ ಲೆಕ್ಕಾಚಾರ

ಬಲೂನ್ ಪರೀಕ್ಷೆಯ ಮೂಲ ಸಂಶೋಧನೆ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿರುವ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ್ದು. ವಿಮೆಂಟಿನ್ ಮತ್ತು ಸೈಕ್ಲಿನ್ ಎ1 ಎಂಬ ಎರಡು ಜೀನ್‌ಗಳ ಮೀಥೈಲೇಷನ್ ಓದಿದಾಗ, ಬ್ಯಾರೆಟ್ಸ್ ಇರುವ 100 ಜನರಲ್ಲಿ ಸುಮಾರು 90 ಮಂದಿಯನ್ನು ಅದು ಹಿಡಿಯಿತು, ಇಲ್ಲದ 100 ಜನರಲ್ಲಿ ಸುಮಾರು 92 ಮಂದಿಗೆ ಸರಿಯಾಗಿಯೇ ‘ಇಲ್ಲ’ ಎಂದಿತು. 2018ರಲ್ಲಿ ಪ್ರಕಟವಾದ ಫಲಿತಾಂಶವಿದು. ಸಂಖ್ಯೆಗಳು ಚೆನ್ನಾಗಿವೆ. ಆದರೆ ಪರೀಕ್ಷೆಯನ್ನು ಯಾರ ಮೇಲೆ ಮಾಡುತ್ತೇವೆ ಎಂಬುದರ ಮೇಲೆ ಅವುಗಳ ಅರ್ಥ ಪೂರ್ತಿ ಬದಲಾಗುತ್ತದೆ.

ಲೆಕ್ಕಕ್ಕಾಗಿ ದೀರ್ಘಕಾಲದ ಎದೆಯುರಿ ಮತ್ತು ಇತರ ಅಪಾಯಗಳಿರುವ 1,000 ಜನರನ್ನು ತೆಗೆದುಕೊಳ್ಳೋಣ. ಅವರಲ್ಲಿ 100 ಮಂದಿಗೆ ಬ್ಯಾರೆಟ್ಸ್ ಇದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆ 90 ಮಂದಿಯನ್ನು ಹಿಡಿಯುತ್ತದೆ. ಬ್ಯಾರೆಟ್ಸ್ ಇಲ್ಲದ 900 ಜನರಲ್ಲಿ ಶೇ 8ರಷ್ಟು, ಅಂದರೆ 72 ಮಂದಿಗೆ ತಪ್ಪಾಗಿ ಪಾಸಿಟಿವ್ ಬರುತ್ತದೆ. ಒಟ್ಟು 162 ಪಾಸಿಟಿವ್‌ಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ನಿಜ. ಅದೇ ಪರೀಕ್ಷೆಯನ್ನು ಶೇ 1ರಷ್ಟು ಜನರಿಗಷ್ಟೇ ಬ್ಯಾರೆಟ್ಸ್ ಇರುವ ಸಾಮಾನ್ಯ ಜನಸಮೂಹದ ಮೇಲೆ ಮಾಡಿದರೆ 1,000ದಲ್ಲಿ 9 ನಿಜವಾದ ಪಾಸಿಟಿವ್, ಸುಮಾರು 79 ಸುಳ್ಳು ಪಾಸಿಟಿವ್. ಪಾಸಿಟಿವ್ ಬಂದ ಹತ್ತರಲ್ಲಿ ಒಂಬತ್ತು ಜನ ಕಾರಣವಿಲ್ಲದೆ ಹೆದರಿ ಎಂಡೋಸ್ಕೋಪಿಗೆ ಓಡಬೇಕಾಗುತ್ತದೆ.

ಮೊದಲ ಗುಂಪಿನ ಆ 90 ನಿಜವಾದ ಪಾಸಿಟಿವ್‌ಗಳೂ ಕ್ಯಾನ್ಸರ್ ಅಲ್ಲ, ಬ್ಯಾರೆಟ್ಸ್. ಡೆನ್ಮಾರ್ಕ್‌ನ ಪ್ರಮಾಣವನ್ನೇ ಅನ್ವಯಿಸಿದರೆ ಹತ್ತು ವರ್ಷಗಳಲ್ಲಿ ಅವರಲ್ಲಿ ಸುಮಾರು ಒಬ್ಬರಿಗೆ ಕ್ಯಾನ್ಸರ್ ಬರಬಹುದು.

ಹಾಗಾದರೆ ಈ ಪರೀಕ್ಷೆ ವ್ಯರ್ಥವೇ? ಅಲ್ಲ. ಅಡಿನೋಕಾರ್ಸಿನೋಮ ಪತ್ತೆಯಾದವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಜನರಿಗೆ ಅದಕ್ಕೂ ಮೊದಲು ತಮಗೆ ಬ್ಯಾರೆಟ್ಸ್ ಇದೆ ಎಂದೇ ಗೊತ್ತಿರುವುದಿಲ್ಲ. ಎಲ್ಲರಿಗೂ ಎಂಡೋಸ್ಕೋಪಿ ಮಾಡಲು ಯಾವ ದೇಶಕ್ಕೂ ಆಗದು. ಬ್ರಿಟನ್‌ನ ‘ಬೆಸ್ಟ್3’ ಪ್ರಯೋಗದಲ್ಲಿ ಸ್ಪಾಂಜ್ ಪರೀಕ್ಷೆ ನೀಡಿದ ಗುಂಪಿನಲ್ಲಿ 140 ಮಂದಿಗೆ ಬ್ಯಾರೆಟ್ಸ್ ಪತ್ತೆಯಾದರೆ, ರೂಢಿಯ ಆರೈಕೆಯ ಗುಂಪಿನಲ್ಲಿ 13 ಮಂದಿಗೆ ಮಾತ್ರ. 2020ರ ಈ ಪ್ರಯೋಗದಲ್ಲಿ ಓದಿದ್ದು ಮೀಥೈಲೇಷನ್ ಅಲ್ಲ, ಟಿಎಫ್‌ಎಫ್3 ಎಂಬ ಪ್ರೋಟೀನ್. ಆದರೆ ನುಂಗುವ ಸಾಧನದಿಂದ ಎಷ್ಟು ಲಾಭವಿದೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಪತ್ತೆಯಾದ ಮೇಲೆ ಮಾಡಬಹುದಾದದ್ದೂ ಇದೆ. ಅಲ್ಪ ಮಟ್ಟದ ಡಿಸ್‌ಪ್ಲೇಸಿಯ ಖಚಿತವಾದವರಿಗೆ ರೇಡಿಯೋ ತರಂಗದ ಶಾಖದಿಂದ ಆ ಪದರವನ್ನು ಸುಟ್ಟು ತೆಗೆದಾಗ, ಮೂರು ವರ್ಷಗಳಲ್ಲಿ ರೋಗ ಮುಂದುವರಿದದ್ದು ಶೇ 1.5ರಷ್ಟು ಜನರಲ್ಲಿ, ಸುಮ್ಮನೆ ನಿಗಾದಲ್ಲಿಟ್ಟವರಲ್ಲಿ ಶೇ 26.5. ಇದು ಯುರೋಪಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದ ಫಲ.

ಅಮೆರಿಕದ ಜಠರ-ಕರುಳು ತಜ್ಞರ ಕಾಲೇಜು 2022ರ ಮಾರ್ಗಸೂಚಿಯಲ್ಲಿ ನುಂಗುವ ಸಾಧನದ ಜೊತೆ ಜೈವಿಕ ಗುರುತನ್ನು ಓದುವ ಕ್ರಮವನ್ನು ಎಂಡೋಸ್ಕೋಪಿಗೆ ಒಪ್ಪಬಹುದಾದ ಪರ್ಯಾಯ ಎಂದಿದೆ, ಆದರೆ ಸಾಕ್ಷ್ಯ ದುರ್ಬಲ ಎಂದು ಸೇರಿಸಿಯೇ ಹೇಳಿದೆ. ದೀರ್ಘಕಾಲದ ಎದೆಯುರಿಯ ಜೊತೆ ಇನ್ನೂ ಮೂರು ಅಪಾಯಾಂಶಗಳಾದರೂ ಇರುವವರಿಗೆ ಮಾತ್ರ ತಪಾಸಣೆ ಎಂಬುದು ಅದರ ನಿಲುವು. ಆ ಪಟ್ಟಿಯಲ್ಲಿ ಗಂಡಸಾಗಿರುವುದು, 50 ದಾಟಿರುವುದು, ಬೊಜ್ಜು, ಧೂಮಪಾನ, ಕುಟುಂಬದ ಇತಿಹಾಸದ ಜೊತೆಗೆ ಬಿಳಿಯ ಜನಾಂಗಕ್ಕೆ ಸೇರಿರುವುದೂ ಒಂದು. ಎದೆಯುರಿ ಇರುವ ಭಾರತೀಯರೆಲ್ಲ ಈ ಪರೀಕ್ಷೆಯ ಹಿಂದೆ ಬೀಳಬೇಕಿಲ್ಲ ಎನ್ನಲು ಅಷ್ಟು ಸಾಕು.

ರಕ್ತದಲ್ಲಿ ಹುಡುಕುವುದು ಬೇರೆಯೇ ಮಾತು

ರಕ್ತಪರೀಕ್ಷೆ ಹುಡುಕುವುದು ಗಡ್ಡೆಯಿಂದ ಕಳಚಿ ರಕ್ತಕ್ಕೆ ಸೇರಿದ ಡಿಎನ್‌ಎ ತುಣುಕುಗಳನ್ನು. ಗಡ್ಡೆ ದೊಡ್ಡದಾದಷ್ಟೂ, ರಕ್ತನಾಳಗಳ ಕಡೆಗೆ ನುಗ್ಗಿದಷ್ಟೂ ತುಣುಕುಗಳು ಹೆಚ್ಚು. ಅನ್ನನಾಳದ ಒಳಮೈಯಲ್ಲಿ ಒಂದು ತೆಳು ಪದರವಾಗಿ ಕೂತಿರುವ ಬ್ಯಾರೆಟ್ಸ್ ಅಥವಾ ಡಿಸ್‌ಪ್ಲೇಸಿಯ ರಕ್ತಕ್ಕೆ ಬಿಡುವ ಡಿಎನ್‌ಎ ಅತ್ಯಲ್ಪ. ಇಂಥ ಪರೀಕ್ಷೆಗಳಲ್ಲಿ ಹೆಚ್ಚು ಅಧ್ಯಯನವಾಗಿರುವ ಅಮೆರಿಕದ ‘ಗ್ಯಾಲೆರಿ’ಯ 2021ರ ಫಲಿತಾಂಶ ನೋಡಿ: ಎಲ್ಲ ಬಗೆಯ ಕ್ಯಾನ್ಸರ್‌ಗಳನ್ನೂ ಒಟ್ಟಿಗಿಟ್ಟಾಗ ನಾಲ್ಕನೇ ಹಂತದಲ್ಲಿ ಶೇ 90ರಷ್ಟನ್ನು ಹಿಡಿದ ಪರೀಕ್ಷೆ, ಮೊದಲ ಹಂತದಲ್ಲಿ ಹಿಡಿದದ್ದು ಶೇ 17ರ ಆಸುಪಾಸು.

ಹಾಗಾಗಿ ರಕ್ತಪರೀಕ್ಷೆ ‘ನೆಗೆಟಿವ್’ ಬಂದಿತೆಂದು ನಿರಾಳವಾಗುವುದು ಅಪಾಯಕಾರಿ. ಊಟ ಗಂಟಲಿನಿಂದ ಕೆಳಗೆ ಸಿಕ್ಕಿಕೊಂಡಂತಾಗುವುದು, ಮೊದಲು ಮುದ್ದೆ, ಅನ್ನ, ಆಮೇಲೆ ಗಂಜಿಯೂ ಇಳಿಯದಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದವರಿಗೆ ಬೇಕಿರುವುದು ತಡಮಾಡದ ಎಂಡೋಸ್ಕೋಪಿ. ಅಲ್ಲಿ ಮೀಥೈಲೇಷನ್ ಪರೀಕ್ಷೆಗೆ ಕೆಲಸವೇ ಇಲ್ಲ.

ನಮ್ಮ ಕಡೆಯ ಅನ್ನನಾಳ

ಭಾರತದಲ್ಲಿ ವರ್ಷಕ್ಕೆ ಸುಮಾರು 70,000 ಜನರಿಗೆ ಅನ್ನನಾಳದ ಕ್ಯಾನ್ಸರ್ ಪತ್ತೆಯಾಗುತ್ತದೆ. ಮೇಘಾಲಯದಲ್ಲಿ ಇದರ ಹಾವಳಿ ತೀವ್ರ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1982ರಿಂದ ನಡೆಸಿಕೊಂಡು ಬಂದಿರುವ ಕ್ಯಾನ್ಸರ್ ನೋಂದಣಿಯಲ್ಲೂ ಅನ್ನನಾಳ ಮುಂಚೂಣಿಯ ತಾಣಗಳಲ್ಲೊಂದು. ಇಲ್ಲಿನದು ಬಹುಪಾಲು ಸ್ಕ್ವೇಮಸ್ ಬಗೆ. ಅದಕ್ಕೂ ಬ್ಯಾರೆಟ್ಸ್‌ಗೂ ಸಂಬಂಧವಿಲ್ಲ. ವಿಮೆಂಟಿನ್ ಬಲೂನ್ ಬೆಂಗಳೂರಿಗೆ ಬಂದರೂ ನಮ್ಮ ಹೆಚ್ಚಿನ ರೋಗಿಗಳ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಸ್ಕ್ವೇಮಸ್ ಬಗೆಯಲ್ಲಿ ಮೀಥೈಲೇಷನ್‌ನ ಕಥೆ ಹೊಗೆಸೊಪ್ಪಿನಿಂದ ಶುರುವಾಗುತ್ತದೆ. ಎಲೆ-ಅಡಿಕೆಯ ಜೊತೆ ಕಡ್ಡಿಪುಡಿ, ಗುಟ್ಕಾ, ಬೀಡಿ, ಇವೆಲ್ಲದರಲ್ಲೂ ನೈಟ್ರೊಸಮೀನ್‌ಗಳೆಂಬ ರಾಸಾಯನಿಕಗಳಿವೆ. ಅಡಿಕೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿಗೆ ಸೇರಿಸಿತು. ಅಡಿಕೆ ಬೆಳೆಯುವ ಮಲೆನಾಡು, ಕರಾವಳಿಗೆ ಇದು ಹಿತವಾದ ಮಾತಲ್ಲ, ಆದರೆ ಮುಚ್ಚಿಡುವ ಮಾತೂ ಅಲ್ಲ. ನೈಟ್ರೊಸಮೀನ್‌ಗಳು ದೇಹದಲ್ಲಿ ಒಡೆದು ಡಿಎನ್‌ಎಯ ಗ್ವಾನಿನ್ ಅಕ್ಷರಕ್ಕೆ ಇರಬಾರದ ಜಾಗದಲ್ಲಿ ರಾಸಾಯನಿಕ ಗುಂಪುಗಳನ್ನು ಅಂಟಿಸುತ್ತವೆ. ಅದನ್ನು ಕಿತ್ತು ಸರಿಪಡಿಸುವುದು ಎಂಜಿಎಂಟಿ ಜೀನ್ ತಯಾರಿಸುವ ಪ್ರೋಟೀನ್. ಆ ಜೀನೇ ಮೀಥೈಲೇಷನ್‌ನಿಂದ ಮೌನವಾಗಿದ್ದರೆ ಹಾನಿ ಹಾಗೆಯೇ ಉಳಿಯುತ್ತದೆ, ಮುಂದಿನ ವಿಭಜನೆಯಲ್ಲಿ ಅದು ಶಾಶ್ವತವಾದ ಮ್ಯುಟೇಷನ್ ಆಗುತ್ತದೆ. ಎಂಜಿಎಂಟಿ ಮತ್ತು ಪಿ16ರ ಇಂಥ ಮೌನ ಸ್ಕ್ವೇಮಸ್ ಕ್ಯಾನ್ಸರ್‌ನಲ್ಲೂ ಅದರ ಪೂರ್ವಹಂತದಲ್ಲೂ ಕಂಡುಬಂದಿದೆ.

ಈ ಪೂರ್ವಹಂತ ಬ್ಯಾರೆಟ್ಸ್‌ನಂತೆ ಸೌಮ್ಯವಾದದ್ದಲ್ಲ. ಚೀನಾದ ಹೆನಾನ್ ಪ್ರಾಂತ್ಯದ ಲಿನ್‌ಶಿಯಾನ್‌ನಲ್ಲಿ ಜನರನ್ನು ಹದಿಮೂರೂವರೆ ವರ್ಷ ಗಮನಿಸಿದ ಅಧ್ಯಯನದಲ್ಲಿ, ಅಲ್ಪ ಡಿಸ್‌ಪ್ಲೇಸಿಯ ಇದ್ದವರಲ್ಲಿ ಶೇ 24, ಮಧ್ಯಮ ಇದ್ದವರಲ್ಲಿ ಶೇ 50, ತೀವ್ರ ಇದ್ದವರಲ್ಲಿ ಶೇ 74ರಷ್ಟು ಜನರಿಗೆ ಸ್ಕ್ವೇಮಸ್ ಕ್ಯಾನ್ಸರ್ ಬಂದಿತು. ಇಷ್ಟು ದೊಡ್ಡ ಅಪಾಯವಿರುವ ಕಡೆ ಒಂದು ಪಾಸಿಟಿವ್ ಫಲಿತಾಂಶಕ್ಕೆ ತೂಕ ಹೆಚ್ಚು. ಅಂದರೆ ಮೀಥೈಲೇಷನ್ ಪರೀಕ್ಷೆಯಿಂದ ಹೆಚ್ಚು ಪ್ರಯೋಜನವಾಗಬಹುದಾದ ರೋಗ ನಮ್ಮಲ್ಲಿರುವುದೇ. ಆದರೆ ಹಣ ಮತ್ತು ಪ್ರಯೋಗಗಳು ಹರಿದಿರುವುದು ಹೆಚ್ಚಾಗಿ ಅಡಿನೋಕಾರ್ಸಿನೋಮ ಇರುವ ದೇಶಗಳ ಕಡೆಗೆ.

ಮುಂದಿನ ಕೆಲಸ ಯಾವುದು

ಸದ್ಯಕ್ಕೆ ಸ್ಕ್ವೇಮಸ್ ಪೂರ್ವಹಂತವನ್ನು ಹಿಡಿಯುವ ಖಾತ್ರಿಯ ವಿಧಾನ ಲ್ಯೂಗೋಲ್ ಅಯೋಡಿನ್ ಎಂಡೋಸ್ಕೋಪಿ. ಅಯೋಡಿನ್ ಸಿಂಪಡಿಸಿದಾಗ ಆರೋಗ್ಯವಂತ ಪದರ ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಟ್ಟ ಭಾಗ ಬಣ್ಣ ಹಿಡಿಯದೆ ಉಳಿಯುತ್ತದೆ. ಇದಕ್ಕೆ ದುಬಾರಿ ಸಲಕರಣೆ ಬೇಡ, ತರಬೇತಿ ಪಡೆದ ಕೈ ಬೇಕು. ನುಂಗುವ ಸ್ಪಾಂಜ್ ಮತ್ತು ಮೀಥೈಲೇಷನ್ ಗುರುತುಗಳು ಇದಕ್ಕೆ ಮೊದಲ ಜರಡಿಯಾಗಿ ನಿಲ್ಲಬಲ್ಲವು: ಹೊಗೆಸೊಪ್ಪು ಜಗಿಯುವ, ಮದ್ಯ ಕುಡಿಯುವ, ವಯಸ್ಸು 40–50 ದಾಟಿದ ಸಾವಿರಾರು ಜನರಲ್ಲಿ ಯಾರನ್ನು ಮೊದಲು ಎಂಡೋಸ್ಕೋಪಿಗೆ ಕಳುಹಿಸಬೇಕು ಎಂದು ಆರಿಸುವುದಕ್ಕೆ.

ಅದಕ್ಕೆ ಬೇಕಾದದ್ದು ಗಡ್ಡೆಯನ್ನೂ ಪಕ್ಕದ ಅಂಗಾಂಶವನ್ನೂ ಒಂದೇ ದಿನ ಹೋಲಿಸಿ ಮುಗಿಸುವ ಅಧ್ಯಯನಗಳಲ್ಲ. ಅಂಥವು ಈಗಾಗಲೇ ಬೇಕಾದಷ್ಟಿವೆ. ಡಿಸ್‌ಪ್ಲೇಸಿಯ ಇರುವ, ಇಲ್ಲದ ಜನರ ಮಾದರಿಗಳನ್ನು ಇವತ್ತು ಸಂಗ್ರಹಿಸಿಟ್ಟು, ಐದು, ಹತ್ತು ವರ್ಷ ಅವರ ಜೊತೆಗಿದ್ದು, ಯಾರಿಗೆ ಕ್ಯಾನ್ಸರ್ ಬಂದಿತೋ ಅವರ ಹಳೆಯ ಮಾದರಿಯಲ್ಲಿ ಯಾವ ಗುರುತುಗಳಿದ್ದವು, ಬರದವರಲ್ಲಿ ಯಾವುವು ಇರಲಿಲ್ಲ ಎಂದು ನೋಡಬೇಕು. ನಾಲ್ಕು ದಶಕಗಳ ನೋಂದಣಿ ಇರುವ ಬೆಂಗಳೂರಿನಲ್ಲಿ, ಡಿಎನ್‌ಎ ಓದಬಲ್ಲ ಪ್ರಯೋಗಾಲಯಗಳೂ ಇರುವಾಗ, ಇಂಥ ಅಧ್ಯಯನಕ್ಕೆ ಕೊರತೆಯಿರುವುದು ತಂತ್ರಜ್ಞಾನದ್ದಲ್ಲ. ಹಳ್ಳಿಯಿಂದ ಬಂದು ಒಮ್ಮೆ ಎಂಡೋಸ್ಕೋಪಿ ಮಾಡಿಸಿಕೊಂಡ ಕೂಲಿಕಾರ ಎರಡು ವರ್ಷದ ನಂತರ ಮತ್ತೆ ಬರುವಂತೆ ಬಸ್ಸಿನ ಖರ್ಚು, ಆ ದಿನದ ಕೂಲಿ, ವಿಚಾರಿಸಿಕೊಳ್ಳುವ ಒಬ್ಬ ಸಿಬ್ಬಂದಿ ಇವುಗಳನ್ನು ಹೊಂದಿಸಿಕೊಡುವ ದೀರ್ಘಾವಧಿಯ ಅನುದಾನದ್ದು.